ರೆ

ಬೆಂಡಿಗೋ ಪೇಟೆಯಲ್ಲಿ, ವ್ಯೂ ಸ್ಟ್ರೀಟಿನ ಏರಿನಲ್ಲಿ
ಕಿವಿಯಂತ್ರ ಮಾರುವ ಅಂಗಡಿ ನಮ್ಮದು.
ನಮ್ಮದು ಅಂದರೆ ಗೋರ್ಡಾನಾಳದು.
ನಾನು ಮುಂದಿನ ಮೇಜಿನವಳು, ವಾರಿಜಾ,
ಹನ್ನೊಂದು ವರ್ಷದಿಂದ ಫೋನಿನವಳು.

ಕಿವಿ ಕೇಳದವರಿಗೆ ಫೋನು ಮಾಡುವುದೇ ಕೆಲಸ ಅಂದರೆ
ನಮ್ಮವರು ನಗುತ್ತಾರೆ, ಕಿವುಡನ ಮುಂದೆ ಕಿನ್ನರಿ ಅಂತ.
ನಗಲಿ. ಕಿನ್ನರಿಗೂ ಒಂದು ವರಸೆ ಇದೆ:
ಟ್ರೆವಾಸ್ಕಿಸ್ ಮುದುಕನಿಗೆ ಹತ್ತೂವರೆಯ ಮೇಲೆಯೇ,
ಅಲ್ಲಿಯವರೆಗೆ ಅವನು ಕೋಳಿಗೂಡಿನಲ್ಲಿ.
ಪಾಪಸ್ ಅಮ್ಮನಿಗೆ ಎಡಗಿವಿ ಮಾತ್ರ,
'ಆ ಕಿವಿಗೆ ಹಿಡಿಯಿರಿ' ಎಂದು ಮೊದಲು ಕೂಗಬೇಕು.
ಐರೀನ್ ಮೆಕ್‌ಕ್ರೇಗೆ ಏಳು ರಿಂಗು.
ಮೂರಕ್ಕೆ ಕೇಳಿಸುತ್ತದೆ, ಐದಕ್ಕೆ ಕುರ್ಚಿ ಬಿಡುತ್ತಾಳೆ,
ಆರಕ್ಕೆ ಗೋಡೆ ಹಿಡಿಯುತ್ತಾಳೆ.

ಜುಲೈ. ಕಾರಿನ ಗಾಜಿನ ಮೇಲೆ ಕಟ್ಟಿದ ಮಂಜನ್ನು
ಹಳೇ ಬ್ಯಾಂಕ್ ಕಾರ್ಡಿನಿಂದ ಕೆರೆಯುವ ಬೆಳಗು.
ಮೆಲ್ಬರ್ನಿನಿಂದ ಡೆಕ್ಲನ್ ಎಂಬ ಹುಡುಗ ಬಂದ.
ಈ ಕಡೆ ಗಿರಾಕಿಗಳ ಪಟ್ಟಿಯ ಸಾಫ್ಟ್‌ವೇರು,
ಆ ಕಡೆ ಎಸ್ಸೆಮ್ಮೆಸ್ಸು, ಫೋನು.
ನಡುವೆ ಮದುವೆ ದಲ್ಲಾಳಿಯ ಹಾಗೆ ಕೂತು
ಪರದೆಯಲ್ಲಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ
ಗೆರೆ ಎಳೆದ.
'ಫಾರಮ್ಮು ತುಂಬಿದರೆ, ಎರಡು ನಿಮಿಷದಲ್ಲಿ ಮೆಸೇಜು.
ಉತ್ತರಿಸದಿದ್ದರೆ, ಮೂರು ದಿನ ಬಿಟ್ಟು ಮತ್ತೊಂದು.
ಆಗಲೂ ಬಾರದಿದ್ದರೆ, ರೆಕಾರ್ಡಾದ ದನಿಯ ಕರೆ.
ಸಾಕು ಅಂದರೆ ಸಾಕು.'
ಅವನು ಹೇಳಿದ್ದು ಇಂಗ್ಲಿಷಿನಲ್ಲಿ.
ನನ್ನೊಳಗೆ ಕನ್ನಡವಾಗುತ್ತ ಬಂದಾಗ ಕಂಡಿತು:
ಅವನ ಅಷ್ಟೂ ಯಂತ್ರ ನಮ್ಮಲ್ಲಿ
ಒಂದೇ ಅಕ್ಷರ.
ಬಂದರೆ. ಬಾರದಿದ್ದರೆ. ಹೇಳಿದರೆ.
ಹೇಳದೆ ತೀರಿಕೊಂಡರೆ?

ಅದಕ್ಕೆ ಅವನಲ್ಲಿ ಪೆಟ್ಟಿಗೆ ಇರಲಿಲ್ಲ.
'ಯಾರಾದರೂ ಗುರುತು ಹಾಕಬೇಕು' ಅಂದ.
ಯಾರಾದರೂ ಅಂದರೆ ನಾನು.

ಮಾತು ಬರೆಯುವುದೂ ನನ್ನ ಪಾಲಿಗೇ ಬಂತು.
ನೂರ ಅರುವತ್ತು ಅಕ್ಷರ, ಖಾಲಿ ಜಾಗವೂ ಲೆಕ್ಕ.
ನಮ್ಮ ದೊಡ್ಡತ್ತೆ ಕರೆಯೋಲೆ ಹಂಚುವಾಗ
ಕಾಗದ ಕೊಟ್ಟು ತಿರುಗುವವಳಲ್ಲ.
ಕೂತು, ಬೆಲ್ಲ ನೀರು ಕುಡಿದು, ನಾಯಿಯನ್ನೂ ವಿಚಾರಿಸಿ
ಆಮೇಲೆ ಬಾಯಾರೆ ಹೇಳುತ್ತಿದ್ದಳು.
ಹಾಗೆ ಹೇಳದಿದ್ದರೆ ಅದು ಕರೆಯೇ ಅಲ್ಲ.
ನೂರ ಅರುವತ್ತರಲ್ಲಿ ಬೆಲ್ಲ ಎಲ್ಲಿಡಲಿ?
ಹೆಸರಿನ ಜಾಗದಲ್ಲಿ ಬಳೆ ಒಡೆದಂತೆ ಎರಡು ಆವರಣ,
ಯಾರು ಬೇಕಾದರೂ ಬಂದು ಕೂರಬಹುದು.
ಬರೆದೆ: 'ಪರೀಕ್ಷೆಗೆ ವರ್ಷವಾಯಿತು. ದಾರಿ ನೋಡುತ್ತಿದ್ದೇವೆ.
ಮೆಟ್ಟಿಲಿಗೆ ಈಗ ಹಿಡಿಗಂಬಿ ಇದೆ. ಅವಸರವಿಲ್ಲ.'
ಅವಸರವಿಲ್ಲ ಎಂಬುದನ್ನು ಡೆಕ್ಲನ್ ಅಳಿಸಿದ,
ವ್ಯಾಪಾರಕ್ಕೆ ಅವಸರ ಬೇಕಂತೆ.
ಅವನು ಪೈ ತಿನ್ನಲು ಹೋದಾಗ ಮತ್ತೆ ಸೇರಿಸಿದೆ.

ಪ್ರಯೋಗಕ್ಕೆಂದು ಹಾಕಿದ ನನ್ನ ನಂಬರನ್ನು
ತೆಗೆಯಲು ಇಬ್ಬರೂ ಮರೆತೆವು.
ಮೂರನೇ ರಾತ್ರಿ ಪಾತ್ರೆ ತೊಳೆಯುತ್ತಿದ್ದೆ.
ಕಟ್ಟೆಯ ಮೇಲೆ ಫೋನು ನಡುಗಿತು:
'ವಾರಿಜಾ, ದಾರಿ ನೋಡುತ್ತಿದ್ದೇವೆ. ಅವಸರವಿಲ್ಲ.'
ಬರೆದದ್ದು ನಾನೇ. ಅಲ್ಪವಿರಾಮವೂ ನನ್ನದೇ.
ಆದರೂ ನೊರೆಗೈಯಲ್ಲೇ ಎರಡು ಸಲ ಓದಿದೆ,
ಒಂದು ಗಳಿಗೆ
ಯಾರೋ ಎಂದುಕೊಂಡೆ.
ಆಮೇಲೆ ನಗು ಬಂತು, ಆಮೇಲೆ ನೀರು ತಣ್ಣಗಾಗಿತ್ತು.

ಆಗಸ್ಟಿನ ವರದಿಯಲ್ಲಿ ಎಲ್ಲ ಹಸಿರು.
ಗೋರ್ಡಾನಾ ಕೇಕು ತಂದಳು.
ಕೆಂಪಿನಲ್ಲಿ ನಾಲ್ಕು ಹೆಸರು, ಅದರಲ್ಲೊಂದು
ಐರೀನ್ ಮೆಕ್‌ಕ್ರೇ: ಮೂರು ಕರೆ, ಉತ್ತರವಿಲ್ಲ, ಪಟ್ಟಿಯಿಂದ ತೆಗೆಯಲೇ?
ತೆಗೆ, ಬೇಡ, ಎಂದು ಎರಡು ಗುಂಡಿ.

ಎರಡನ್ನೂ ಒತ್ತದೆ ರಿಸೀವರು ಎತ್ತುತ್ತೇನೆ.
ಹೊರಗೆ ಟ್ರಾಮು ಇಳಿಜಾರಿನಲ್ಲಿ ಕಿರುಗುಟ್ಟುತ್ತದೆ.
ಎಣಿಸುತ್ತೇನೆ. ಮೂರು. ನಾಲ್ಕು.
ಐದು, ಇಲ್ಲಿಗೆ ಯಂತ್ರ ಫೋನು ಇಟ್ಟುಬಿಡುತ್ತದೆ.
ಆರು.
ಐರೀನ್,
ಏಳು.