ಅಳೆದೂ ಸುರಿದೂ

ಎಲ್ ಆಲ್ತೊದ ಗುರುವಾರದ ಸಂತೆ.
ಗಾಳಿಯೇ ತೆಳು ಇಲ್ಲಿ, ನಾಲ್ಕು ಮೆಟ್ಟಿಲು ಹತ್ತಿದರೆ
ಉಸಿರೂ ಚೌಕಾಸಿಗೆ ನಿಲ್ಲುತ್ತದೆ.
ನೀಲಿ ತಾಡಪಾಲಿನ ಮೇಲೆ ನಾನು, ರೆಮಿಹಿಯೊ.
ಎಡಕ್ಕೆ ಹಳೆಯ ಲ್ಯಾಪ್‌ಟಾಪುಗಳು, ಬಾಯಿ ಬಿಟ್ಟ ಚಿಪ್ಪಿನ ಹಾಗೆ.
ಬಲಕ್ಕೆ ಡೆಸ್ಕ್‌ಟಾಪು: ಡಬ್ಬ, ಪರದೆ, ಕರುಳಿನಂಥ ವೈರು.

ಮೂರು ವಾರದಿಂದ ಬರುತ್ತಿದ್ದಾಳೆ ಈ ಹುಡುಗಿ.
ಇದನ್ನು ಮುಟ್ಟುತ್ತಾಳೆ, ಅದನ್ನು ಎತ್ತಿ ತೂಗುತ್ತಾಳೆ,
ಅಳೆದೂ ಸುರಿದೂ ಹೊರಟುಹೋಗುತ್ತಾಳೆ.
ಲಿಸ್ಬೆತ್ ಚಾಂಬಿ. ಕೆಲಸ, ಮನೆಗಳಿಗೆ ಮುಖ ಬರೆಯುವುದು.
ಬಟ್ಟೆ ವ್ಯಾಪಾರದಲ್ಲಿ ದುಡ್ಡು ಕಂಡವರು ಎಬ್ಬಿಸುವ ಐದಂತಸ್ತು,
ಕೆಳಗೆ ಮದುವೆ ಹಾಲು, ನೆತ್ತಿಯಲ್ಲಿ ಯಜಮಾನರ ಬಿಡಾರ,
ನಡುವೆ ಗಿಳಿಹಸಿರು, ಕಿತ್ತಳೆ, ರೆಕ್ಕೆ ಬಿಚ್ಚಿದ ಕಿಟಕಿ.
ಮೊದಲು ಪರದೆಯ ಮೇಲೆ. ಆಮೇಲೆ ಗಾರೆಯ ಮೇಲೆ.

“ಅಣ್ಣನ ಲ್ಯಾಪ್‌ಟಾಪಲ್ಲಿ ಅದು ದಾಳಿಂಬೆ,
ಗೋಡೆಗೆ ಬಂದಾಗ ಕುರಿಯ ಈಲಿ” ಅಂದಳು.
ಎರಡು ತಿಂಗಳ ಸಂಪಾದನೆ
ಮತ್ತೆ ಬಣ್ಣ ಬಳಿಸುವುದಕ್ಕೇ ಹೋಯಿತಂತೆ.

ಹಾಗಾದರೆ ದೊಡ್ಡ ಪರದೆ ತಗೋ, ಅಂದೆ.
ನನಗೆ ಲಾಭವೂ ಅದರಲ್ಲೇ, ಸುಳ್ಳೇಕೆ.
ಲ್ಯಾಪ್‌ಟಾಪು ಈ ಎತ್ತರದಲ್ಲಿ ಬೇಗ ಕಾಯುತ್ತೆ ಮಗಳೇ,
ಫ್ಯಾನು ತಿರುಗುತ್ತೆ, ತಳ್ಳೋಕೆ ಗಾಳಿ ಬೇಕಲ್ಲ.

“ಆದರೆ ನಾನು ಬರೆಯುವುದು ಕೇಬಲ್ ಕಾರಲ್ಲಿ.”
ಕೆಂಪು ಗಾಡಿಯಲ್ಲಿ ಲಾ ಪಾಜ್‌ಗೆ ಇಳಿಯುವಾಗ,
ಕಾಲ ಕೆಳಗೆ ಗೋರಿಗಳು, ತಗಡಿನ ಮಾಡುಗಳು, ಯಾರದೋ ಒಣಗುವ ಅಂಗಿ.
ಮನೆಯಲ್ಲಿ ಇರುವುದೊಂದೇ ಮೇಜು,
ಅದರ ಮೇಲೆ ಅಮ್ಮನ ಹೊಲಿಗೆ ಯಂತ್ರ
ಇಪ್ಪತ್ತು ವರ್ಷದಿಂದ ಕದಲಿಲ್ಲ.
ಅದೂ ಡೆಸ್ಕ್‌ಟಾಪೇ ಅಂದೆ.
ನಗಲಿಲ್ಲ.

ಚೀಲದಿಂದ ತೆಗೆದಳು ಒಂದು ಚಕ್ಕೆ,
ಒಪ್ಪಿಗೆಯಾದ ಗೋಡೆಯಿಂದ ಕೆರೆದ ಗಾರೆ,
ಬೆರಳುಗುರಿನಷ್ಟು ಕೆಂಪು.
ಪರದೆಗಳ ಪಕ್ಕ ಹಿಡಿದಳು. ಏನೂ ಕಾಣಲೊಲ್ಲದು.
ನಮ್ಮ ಬಿಸಿಲು ಹಾಗೆ, ಕಣ್ಣಿಗೆ ಸೂಜಿ.
ಬೆನ್ನಿನ ಅಗುವಾಯೊ ಬಿಚ್ಚಿ, ಆ ಪಟ್ಟೆಪಟ್ಟೆಯ ಬಟ್ಟೆಯನ್ನು
ನನ್ನ ತಲೆಗೂ ತನ್ನ ತಲೆಗೂ ಹೊದಿಸಿದಳು.
ಪಕ್ಕದ ಆಲೂಗಡ್ಡೆಯವಳು ಏನಂದುಕೊಂಡಳೋ.
ಒಳಗೆ ಪರದೆ ಝಗ್ಗನೆ ಬೆಳಗಿತು. ಚಕ್ಕೆ ಕಪ್ಪಾಯಿತು.
ಬಿಸಿಲಲ್ಲಿ ಇದು ಕುರುಡು, ಕತ್ತಲಲ್ಲಿ ಅದು ಕುರುಡು.
ಒಂದು ಅಂಚು ಎತ್ತಿದಳು, ಎರಡು ಬೆರಳಗಲ,
ಇನ್ನೂ ಸ್ವಲ್ಪ, ಸಾಕು,
ಇಬ್ಬರೂ ಉಸಿರು ಬಿಗಿಹಿಡಿದೆವು.
ಎಡದ ಪರದೆಯಲ್ಲಿ ಈಲಿ. ಅದರಾಚೆಯದರಲ್ಲಿ ಇಟ್ಟಿಗೆಪುಡಿ.
ಬಲಗಡೆಯ ದೊಡ್ಡದರಲ್ಲಿ, ಅಗೋ, ದಾಳಿಂಬೆ.
ಹದಿನೇಳು ವರ್ಷದಿಂದ ಮಾರುತ್ತಿದ್ದೇನೆ,
ಪರದೆಯನ್ನು ಹೀಗೆ ಯಾರೂ ನೋಡಿದ್ದಿಲ್ಲ, ನಾನೂ.

“ಅಮ್ಮ ರಾತ್ರಿ ಒಂಬತ್ತಕ್ಕೆ ಸೂಜಿ ಎತ್ತುತ್ತಾಳೆ,
ಆಮೇಲೆ ಅರ್ಧ ಮೇಜು ನನ್ನದು” ಅಂದಳು,
ನನಗಲ್ಲ, ತನಗೆ.
ಕೇಬಲ್ ಕಾರಿನಲ್ಲೋ?
“ಕಾಗದ ಇದೆಯಲ್ಲ.”

ಬೆಲೆ ಇಳಿಸಿದೆ. ಎಷ್ಟೆಂದು ಹೇಳುವುದಿಲ್ಲ,
ಹೆಂಡತಿಯ ಕಿವಿಗೆ ಬೀಳುತ್ತದೆ.
ಪರದೆಯನ್ನು ಕೂಸಿನ ಹಾಗೆ ಅಗುವಾಯೊದಲ್ಲಿ ಸುತ್ತಿ
ಬೆನ್ನಿಗೆ ಹಾಕಿ ಎದೆಯ ಮೇಲೆ ಗಂಟು ಬಿಗಿದಳು,
ಡಬ್ಬವನ್ನು ಕಂಕುಳಿಗೆ.
ಕದಲದ ಯಂತ್ರವೆಂದು ಹೇಳಿ ಮಾರಿದ್ದು ನಾನು.
ಜನರ ನಡುವೆ ಅದು ತೊನೆಯುತ್ತ ಹೋಯಿತು
ಕೆಂಪು ಗಾಡಿಯ ಕಡೆಗೆ.

ಚಕ್ಕೆ ಇಲ್ಲೇ ಬಿದ್ದಿತ್ತು. ಎತ್ತಿ ಡಬ್ಬಗಳ ಮೇಲಿಟ್ಟೆ.
ಭಾನುವಾರ ಯಾರೋ ಕೇಳಿದ, ಇದೆಷ್ಟು?
ಮಾರಾಟಕ್ಕಲ್ಲ ಅಂದೆ.
ಸರಿ, ಕೊನೆಯ ಮಾತು ಹೇಳಿ ಅಂದ.