ಎಂಟು ಸಾವಿರದ ಎಂಬತ್ತನೇ ಬಾಗಿಲು

ಶಿಡ್ಲಘಟ್ಟದಲ್ಲಿ ಹಗಲ ಕರೆಂಟು ನಂಬುವ ಹಾಗಿಲ್ಲ,
ಅದಕ್ಕೇ ರಾತ್ರಿ ಹತ್ತಕ್ಕೆ ಕೂತೆ.
ಬಾಯ್ಲರು ಆರಿದ್ದರೂ ಗೋಡೆ ಇನ್ನೂ ಬಿಸಿ.
ಬೆಂದ ಹುಳುವಿನ ವಾಸನೆ ಮೂಗಿಗೆ ಅಭ್ಯಾಸವಾಗಿದೆ,
ಅಂಗಿಗೆ ಆಗಿಲ್ಲ; ಮನೆಯಲ್ಲಿ ಅದನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾರೆ.

ಕಂಪ್ಯೂಟರು ಯಾವುದೋ ಬ್ಯಾಂಕಿನ ಗುಜರಿ,
ಬೆನ್ನ ಮೇಲೆ ಈಗಲೂ ಅವರ ನಂಬರಿನ ಚೀಟಿ.
ಮುಚ್ಚಳ ತೆಗೆದು ಊದಿದೆ,
ಧೂಳಿನ ಜೊತೆ ಎರಡು ಸ್ಟೇಪಲ್ ಪಿನ್ನು ಬಿದ್ದವು.
ಗೂಡು ತುಂಬುವ ಕ್ರೇಟನ್ನು ಬೋರಲು ಹಾಕಿ
ಅದರ ಮೇಲೆ ಕೂರಿಸಿದೆ, ಬೇಸಿನ್ನಿನ ನೀರು ಹರಿದರೂ ತಾಗದ ಹಾಗೆ.

ಹನ್ನೊಂದು ಹೆಂಗಸರು ಸೇರಿ ಹಿಡಿದ ಘಟಕ ಇದು.
ಲೆಕ್ಕ ಮೂರು ವರ್ಷ ಬಾಡಿಗೆ ಮನೆಯಲ್ಲಿತ್ತು,
ಯಾವ ಊರಿನ ಯಾವ ಯಂತ್ರದಲ್ಲೋ, ಕಂಡವರಿಲ್ಲ.
ಯುಗಾದಿ ಮಾರನೆಯ ದಿನ ಬಾಡಿಗೆ ಎರಡರಷ್ಟಾಯಿತು.
ಗಂಗುಲಮ್ಮ ಕೇಳಿದ್ದು ಇಷ್ಟೇ:
"ನಮ್ ಲೆಕ್ಕ ನಮ್ ಮನೇಲಿರಕ್ಕೆ ಏನ್ ಬೇಕು?"
ಒಂದು ಗುಜರಿ ಪೆಟ್ಟಿಗೆ, ಅಂದೆ. ಒಂದು ರಾತ್ರಿ.
ಇದು ಮೂರನೇ ರಾತ್ರಿ.

ಲಿನಕ್ಸ್ ಒಪ್ಪಿಕೊಂಡಿತು. ಡೇಟಾಬೇಸೂ ಒಪ್ಪಿತು.
ಲೆಕ್ಕದ ಆಪ್ ಬಿಚ್ಚಿ ಅದರ ಜಾಗದಲ್ಲಿ ಹಾಸಿ
ಬಾಗಿಲಿಗೆ ನಂಬರು ಕೊಟ್ಟೆ: ಎಂಟು ಸಾವಿರದ ಎಂಬತ್ತು.
ತಟ್ಟಿದರೆ ಬಿಳಿ ಪುಟ.
ಮತ್ತೆ ತಟ್ಟಿದೆ. ಅದೇ ಬಿಳಿ.
ಈ ಯಂತ್ರಕ್ಕೆ ನಾನು ರೂಟ್, ಅಂದರೆ ಬೇರು.
ಬೇರಿಗೇ ತಿಳಿಯದು ಕೊಂಬೆ ಯಾಕೆ ಮುನಿಸಿಕೊಂಡಿದೆ ಎಂದು.

ಲಾಗ್ ತೆರೆದೆ. ನಾಲ್ಕು ಸಾವಿರ ಸಾಲು.
ಕಾವಲಿಗೆ ಮಲಗುವ ಸರದಿ ಆವತ್ತು ಗಂಗುಲಮ್ಮನದು,
ಟೀ ಹಿಡಿದು ಬಂದವಳು ಹಿಂದೆಯೇ ನಿಂತಳು.
"ಇಷ್ಟೂ ಓದ್ತೀಯೇನಪ್ಪ?"
"ತಪ್ಪು ಎಲ್ಲೋ ಇದೆ, ತುದಿ ಸಿಕ್ತಿಲ್ಲ."
"ಸಿಕ್ಕಿದ್ದನ್ನ ಎಳೆದ್ರೆ ಜೂಟೇ ಬರೋದು.
ಮೇಲಿನ ಒರಟೆಲ್ಲಾ ಮೊದಲು ಕಿತ್ತು ಬಿಸಾಕು.
ಆಮೇಲೆ ಒಂದೇ ಒಂದು ಎಳೆ ಸಿಕ್ತದೆ, ಕೊನೇಗಂಟ ಬತ್ತದೆ."

ಕಿತ್ತೆ. ಎಚ್ಚರಿಕೆಗಳನ್ನೆಲ್ಲ ಸೋಸಿ ಚೆಲ್ಲಿದೆ.
ಉಳಿದದ್ದು ಒಂದು ಸಾಲು:
ಅನುಮತಿ ನಿರಾಕರಿಸಲಾಗಿದೆ.

ಓದಿ ಹೇಳಿದಾಗ ನಕ್ಕಳು.
ರೇಷನ್ ಅಂಗಡಿಯಲ್ಲಿ ಆ ಮಾತಿನ ಪರಿಚಯವಿದೆ ಅವಳಿಗೆ.
ಹದಿನಾಲ್ಕು ವರ್ಷ ಕುದಿನೀರಲ್ಲಿ ಅದ್ದಿದ ಬೆರಳು,
ಗೆರೆಗಳೆಲ್ಲ ಲಡಿಗಳ ಜೊತೆ ಹೊರಟುಹೋಗಿವೆ,
ಈಗ ಯಾರ ಸೀರೆಯ ಅಂಚಿನಲ್ಲಿವೆಯೋ.
ಯಂತ್ರ ಒತ್ತಿಸಿಕೊಳ್ಳುತ್ತದೆ, ಕೆಂಪಗೆ ಮಿಟುಕುತ್ತದೆ,
"ಒರೆಸ್ಕೊಂಡು ಇನ್ನೊಂದ್ ಸಲ ಒತ್ತಮ್ಮ" ಅನ್ನುತ್ತಾನೆ ಹುಡುಗ.
ಒರೆಸಲು ಏನು ಉಳಿದಿದೆ?

ತಪ್ಪು ನನ್ನದೇ. ಫೋಲ್ಡರು ನನ್ನ ಹೆಸರಲ್ಲಿತ್ತು,
ಆಪ್ ಓಡುವುದು ಬೇರೆ ಹೆಸರಲ್ಲಿ;
ತನ್ನ ಮನೆಯಲ್ಲೇ ಒಂದಕ್ಷರ ಬರೆಯುವ ಹಕ್ಕು ಅದಕ್ಕಿರಲಿಲ್ಲ.
ಒಡೆತನ ಬದಲಿಸುವ ಆಜ್ಞೆ ಒಂದೇ ಸಾಲು, ಅರೆ ಸೆಕೆಂಡು.
ಈ ಶೆಡ್ಡು ತಮ್ಮ ಹೆಸರಿಗಾಗಲು
ಹನ್ನೊಂದು ಜನ ಆರು ತಿಂಗಳು ಕಚೇರಿ ಮೆಟ್ಟಿಲಲ್ಲಿ ಕೂತಿದ್ದರು.

ಬಾಗಿಲು ತೆರೆಯಿತು.
ಹಸಿರು ಪಟ್ಟಿ, ಸ್ವಾಗತ, ಖಾಲಿ ಕೋಷ್ಟಕ.
ಒಳಗೆ ಬರುವುದು ಹೇಗೆ ಎಂದು ಕೇಳಿತು:
ಬೆರಳಚ್ಚೋ, ಪಾಸ್‌ವರ್ಡೋ?
ಕಾನ್ಫಿಗ್ ಕಡತಕ್ಕೆ ವಾಪಸು ಹೋಗಿ
ಬೆರಳಚ್ಚಿನ ಸಾಲಿನೆದುರು ಬೇಡ ಎಂದು ಬರೆದೆ.

"ಒಂದು ಮಾತು ಇಟ್ಕೊ. ಯಾರಿಗೂ ಹೇಳಬೇಡ."
ಮುಖ ತಿರುಗಿಸಿ ಬಾಯ್ಲರ್ ಕಡೆ ಕೂತೆ.
ಒಂದೊಂದು ಕೀಲಿಗೂ ಎಷ್ಟೋ ಹೊತ್ತು.
ಎಣಿಸಬಾರದು ಅಂದುಕೊಂಡೇ ಎಣಿಸಿದೆ: ಹದಿಮೂರು.
"ನಿಂಗೆ ಕಾಣ್ತದಾ?"
"ಇಲ್ಲ. ಉಪ್ಪು ಬೆರೆಸಿ ಅರೆದು ಇಡುತ್ತೆ. ನನಗೂ ಕಾಣಲ್ಲ."
"ಉಪ್ಪಾ?"
"ಅದಕ್ಕೆ ಹಾಗೇ ಅಂತಾರೆ."
ಉಪ್ಪು ಬಿದ್ದದ್ದು ಕೆಡುವುದಿಲ್ಲ ಎಂಬಂತೆ ತಲೆಯಾಡಿಸಿದಳು.

ಮೊದಲ ನಮೂದು ಅವಳದೇ:
ಅರವತ್ತೆರಡು ಕಿಲೋ ಗೂಡು, ಒಂದೇ ಲಾಟು.
ಷರಾ ಕಾಲಮ್ಮಿನಲ್ಲಿ, ಟೀ ಎರಡು.

ಆಗಲೇ ಕರೆಂಟು ಹೋಯಿತು.
ಬಂದಾಗ ತಾನಾಗಿ ಏಳು ಎಂದು ಅದಕ್ಕೆ ಹೇಳಿದ್ದೆನೆ?
ಹೇಳಿದ್ದೆ ಅನ್ನಿಸಿತು. ಖಾತ್ರಿಯಿಲ್ಲ.
ಕತ್ತಲಲ್ಲಿ ಗಂಗುಲಮ್ಮ ಕೈ ತಿರುವಿ
ಹಿಂಗೈಯಿಂದ ಗೋಡೆ ಮುಟ್ಟಿದಳು.
"ಇನ್ನೂ ಬಿಸಿ ಐತೆ," ಅಂದಳು.