ಅಡಿವಿಗೆ ಹೋಗಿದ್ದೆ

ಶನಿವಾರ ವೆರ್ಣಾದ ಲ್ಯಾಬಿಗೆ ರಜೆ.
ನಾಲ್ವರು ಇಂಟರ್ನ್‌ಗಳು,
ಒಂದೇ ಟಾರ್ಚು, ಹನ್ನೆರಡು ಪೊಯ್,
ಇಲ್ಜೆಯ ಚೀಲದಲ್ಲಿ ಮಳೆಯಂಗಿ, ಅದೂ ಮಾರ್ಚಿನಲ್ಲಿ.
ಮಡಗಾಂವಿನಲ್ಲಿ ಬಸ್ಸು ಬದಲಿಸಿದೆವು.
ಕಾಣಕೋಣದಿಂದ ರಿಕ್ಷಾ,
ಡ್ರೈವರನ ಬೆನ್ನಿಗೆ ದಾರಿಯುದ್ದಕ್ಕೂ ಆಸೆಫಾನ ಮೊಣಕಾಲು.

ಖೋತಿಗಾಂವ್ ಕಾಡಿನ ಗೇಟಿನಲ್ಲಿ ದಪ್ಪನೆಯ ರಿಜಿಸ್ಟರು:
ಹೆಸರು, ದೇಶ, ಒಳಬಂದ ವೇಳೆ, ಹೊರಹೋದ ವೇಳೆ.
ಲಾಟ್ವಿಯಾ, ವಿಯೆಟ್ನಾಂ, ಇಥಿಯೋಪಿಯಾ
ಒಂದೊಂದು ಅಕ್ಷರ ಕೇಳಿ ಕೇಳಿ ಬರೆದುಕೊಂಡ ಗುಮಾಸ್ತ.
ಹುಲಿಗೆಮ್ಮ, ಮಸ್ಕಿ, ಅಂದದ್ದೇ
ಪಕ್ಕದವನ ಕಡೆ ತಿರುಗಿ ದನಿ ತಗ್ಗಿಸಿ
"ಘಾಂಟಿ" ಅಂದ.
ಅವನು ನಕ್ಕ.
ದೇಶದ ಕಾಲಮ್ಮಿಗೆ ಒಂದು ಗೀಟು.

ಹಾಗಂದರೇನು? ಆಸೆಫಾ ಕೇಳಿದ.
ಎಲ್ಲಿ ಹೊಸ ಪದ ಬಿದ್ದರೂ ಅವನಿಗೆ ಬೇಕು,
ಅಂಗೈಯಷ್ಟು ನೋಟುಬುಕ್ಕು ಸದಾ ಜೇಬಿನಲ್ಲಿ.
ಘಟ್ಟದ ಮೇಲಿನವರು ಅಂತ, ಅಂದೆ.
ಸುಳ್ಳೇನಲ್ಲ.
ವಾಸ್ಕೋದಲ್ಲಿ ಹನ್ನೊಂದು ವರ್ಷ ಗಾರೆ ಕಲಸಿದ ನನ್ನ ಸೋದರಮಾವ
ದಿನಾ ಸಂಜೆ ನಲ್ಲಿಯ ಕೆಳಗೆ ಕೂತು
ಸಿಮೆಂಟಿನ ಜೊತೆ ಆ ಪದವನ್ನೂ ತಿಕ್ಕಿ ತೊಳೆಯುತ್ತಿದ್ದ.
ಉಗುರ ಸಂದಿಯಲ್ಲಿ ಒಂಚೂರು ಉಳಿದೇ ಉಳಿಯುತ್ತಿತ್ತು.

"ಮೇಲಿನವರು! ಎಷ್ಟು ಚಂದ!" ಅಂದಳು ಇಲ್ಜೆ.
ಅಲ್ಲಿಂದ ಮೂವರಿಗೂ ನಾನು ಘಾಂಟಿ.
ಘಾಂಟಿ, ನೀರು ಕೊಡು.
ಘಾಂಟಿ, ಅಲುಗಾಡಬೇಡ, ನಿನ್ನ ಕಾಲಿಗೆ ಉಣ್ಣೆ ಹತ್ತಿದೆ.
ಸುಮ್ಮನೆ ಓಗೊಟ್ಟೆ.

ಪುತು ವೇಳಿಪನ ಅಂಗಳದಲ್ಲಿ ರಾತ್ರಿ.
ಕುಚ್ಚಲಕ್ಕಿ ಪೇಜ, ಒಣಸಿಗಡಿ, ತೆಂಗಿನ ಚೂರು.
ಇಲ್ಲಿ ಹುಲಿ ಇದೆಯೇ? ಥುಯಿಯ ಪ್ರಶ್ನೆಯನ್ನು
ನನ್ನ ಸಂತೆ ಕೊಂಕಣಿಯಲ್ಲಿ ದಾಟಿಸಿದೆ.
ಪುತು ನನ್ನ ಹೆಸರು ಕೇಳಿದ, ಹೇಳಿದೆ, ಅರ್ಥ ಕೇಳಿದ, ಹೇಳಿದೆ.
ಹಾಗಾದರೆ ಸದ್ಯಕ್ಕೆ ಒಂದಿದೆ, ಅಂದ.

ಕಾಡಿಗೆ ನಿಮ್ಮಲ್ಲಿ ಏನೆನ್ನುತ್ತಾರೆ? ನೋಟುಬುಕ್ಕು ಮತ್ತೆ ಹೊರಗೆ.
ಇಲ್ಜೆ, ಮೆಝ್ಸ್ ಅಂದಳು:
ಅಜ್ಜಿಯ ಬುಟ್ಟಿ, ಅಣಬೆಯ ಮಣ್ಣು ಒರೆಸಲು
ಚಾಕುವಿನ ಹಿಡಿಗೇ ಕೂತ ಪುಟ್ಟ ಬ್ರಷ್ಷು.
ಥುಯಿಗೆ ಅದು ರುಂಗ್. ದೋಣಿಯಲ್ಲಿ ಹೋಗಬೇಕಾದದ್ದು.
ಸೊಂಟಮಟ್ಟ ನೀರಲ್ಲಿ ನಿಂತು ಹೊಗೆ ಹಿಡಿದು
ಅವಳ ಅತ್ತೆ ಜೇನು ಬಿಡಿಸುತ್ತಾಳಂತೆ.
ಆಸೆಫಾನ ಊರಲ್ಲಿ ಉತ್ತ ಬಯಲು, ನಡುವೆ ಚರ್ಚು,
ಅದರ ಸುತ್ತ ಮಾತ್ರ ದುಂಡಗೆ ಒಂದಿಷ್ಟು ಮರ,
ಹರಕೆಗೆ ಬಿಟ್ಟ ಜುಟ್ಟಿನಂತೆ.

ನಿನ್ನದು?
ಅಡವಿ, ಅಂದೆ.
ಅಂದು, ಬಾಯಿ ಕಟ್ಟಿತು.
ನಮ್ಮ ಅಡವಿಯಲ್ಲಿ ಎಲ್ಲಿದೆ ಕಾಡು?
ಎರಿ ಹೊಲ, ಹತ್ತಿ, ತೊಗರಿ,
ಬದುವಿಗೊಂದು ಜಾಲಿ, ಜಾಲಿಗೊಂದು ಬುತ್ತಿಗಂಟು.
"ಅಡಿವಿಗೆ ಹೊಂಟೀನಿ" ಅಂತ ನಸುಕಿಗೇ ಹೋಗುವ ಅವ್ವ
ಸೆರಗಿಗೆ ಅರಳೆ ಅಂಟಿಸಿಕೊಂಡು ಕತ್ತಲಿಗೆ ಬರುತ್ತಾಳೆ.
ಊರು ಮುಗಿದಲ್ಲಿಂದ ಎಲ್ಲ ಅಡವಿಯೇ.
ಇಂಗ್ಲಿಷಿನಲ್ಲಿ ಇದಕ್ಕೆ ದಾರಿ ಸಿಗದೆ
ಮರ ಇರುವ ಜಾಗ, ಅಂತ ಬರೆಸಿದೆ.
ಇಂಥದ್ದರಲ್ಲೇ ನಾನು ಸುಳ್ಳು ಹೇಳುವುದು.

ಮಂಜಿನ ನಸುಕು. ಮಚಾನಿನ ಏಣಿ ನಡುಗುತ್ತಿತ್ತು, ಅಥವಾ ನಾವು.
ಮೇಲೆ ಹತ್ತಿ ನೋಡಿದರೆ ಮೂಡಣಕ್ಕೆ ಹಸಿರಿನ ಮೇಲೆ ಹಸಿರು,
ಎಲ್ಲಿ ಗೋವಾ ತೀರಿತೋ ಗೊತ್ತಾಗಲಿಲ್ಲ.
ಕೆಳಗೆಲ್ಲೋ ಕಾಣದ ಎಮ್ಮೆಯ ಕೊರಳು
ಟಣ್, ತುಸು ಬಿಟ್ಟು, ಟಣ್ ಟಣ್.
ಅದಕ್ಕೇನೆನ್ನುತ್ತಾರೆ?
ಘಾಂಟ್, ಅಂದ ಪುತು.
ಆಸೆಫಾ ನನ್ನತ್ತ ನೋಡಿ ಹುಬ್ಬೇರಿಸಿದ.
ಹಿಂದಿನ ದಿನದ ಪುಟ ಹುಡುಕಿ
ಘಟ್ಟದ ಮೇಲಿನವರ ಪಕ್ಕ ಇದನ್ನೂ ಸೇರಿಸಿದ.
ತಡೆಯಲಿಲ್ಲ ನಾನು.

ಗೇಟಿನಲ್ಲಿ ಅದೇ ಗುಮಾಸ್ತ, ಅದೇ ರಿಜಿಸ್ಟರು.
ಹೊರಹೋದ ವೇಳೆ ಹನ್ನೊಂದು ಇಪ್ಪತ್ತು.

ಬಸ್ಸು ಹತ್ತಿದ ಮೇಲೆ ಫೋನಿಗೆ ಜೀವ ಬಂತು.
"ಎಲ್ಲಿಗ್ ಹೋಗಿದ್ದ್ಯವ್ವಾ? ನಿನ್ನಿಯಿಂದ ಫೋನ್ ಹತ್ತವಲ್ದು."
ಅಡಿವಿಗೆ, ಬೇ.
"ಹೌದಾ? ಏನ್ ಬೆಳದಾರ ಅಲ್ಲೆ?"

ಇಲ್ಜೆ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು.
ಕಂಡಕ್ಟರ್ ಚಿಲ್ಲರೆ ಕೇಳುತ್ತಿದ್ದ.
ತಡಿಯಬೇ, ಹೇಳ್ತೀನಿ, ಅಂದೆ.